ಆಸೆಯೂ ಇರಲಿ, ಅಂದಾಜೂ ಇರಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸದಕ್ಕೆ ಕೈ ಹಾಕುವಾಗ ಎಷ್ಟು ಧೈರ್ಯ ಮಾಡಬೇಕು, ಎಷ್ಟು ತಡೆದುಕೊಳ್ಳಬೇಕು? ಈ ಬಗ್ಗೆ ಮಾತಿನ ನಡುವೆ, ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವಂಥದ್ದು ಕೊನೆಗೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಶುರುವಿನ ಪ್ರಶ್ನೆಗಳು

ಹೆದರಿಕೆ ಆಗ್ತಿದೆ ಅಂದ್ರೆ ಅದು ದೊಡ್ಡ ರಿಸ್ಕ್ ಅಂತಲೇ ಅರ್ಥ ಅಲ್ವಾ?

ಹಾಗೇನಿಲ್ಲ. ಗುರುತಿಲ್ಲದವರಿಗೆ ಫೋನ್ ಮಾಡಿ "ನಿಮ್ಮಲ್ಲಿ ಕೆಲಸ ಇದೆಯಾ" ಅಂತ ಕೇಳುವಾಗ ಕೈ ನಡುಗುತ್ತದೆ. ಅವರು ಇಲ್ಲ ಅಂದರೆ ಹೋಗುವುದೇನು? ಎರಡು ನಿಮಿಷ, ಒಂಚೂರು ಮುಜುಗರ. ಅದೇ ಸ್ನೇಹಿತನ ಸಾಲಕ್ಕೆ ಜಾಮೀನು ನಿಲ್ಲುವಾಗ ಭಯವೇ ಆಗುವುದಿಲ್ಲ. ನಗುನಗುತ್ತಾ ಸಹಿ ಹಾಕಿ ಎದ್ದು ಬರುತ್ತೇವೆ. ಆತ ಕಂತು ಕಟ್ಟುವುದು ನಿಲ್ಲಿಸಿದರೆ ಸಾಲ ಪೂರ್ತಿ ನಮ್ಮ ತಲೆಗೆ ಬರುತ್ತದೆ.

ಭಯ ಹುಟ್ಟುವುದು ಹೊಸತನದಿಂದ, ನಾಲ್ಕು ಜನ ನೋಡುತ್ತಾರೆ ಅನ್ನೋದರಿಂದ. ರಿಸ್ಕ್ ಅಳೆಯಬೇಕಾದರೆ ಬೇರೆ ಮೂರು ಮಾತು ಕೇಳಿಕೊಳ್ಳಬೇಕು. ಕೆಡುವ ಸಾಧ್ಯತೆ ಎಷ್ಟು? ಕೆಟ್ಟರೆ ಎಷ್ಟು ಕೆಡುತ್ತದೆ? ಕೆಟ್ಟದ್ದನ್ನು ಸರಿಮಾಡಿಕೊಳ್ಳೋಕೆ ಆಗುತ್ತಾ? ಜನ ಮೊದಲನೆಯದನ್ನೇ ಹಿಡಿದುಕೊಂಡು ವಾದ ಮಾಡುತ್ತಾರೆ. ನನಗೆ ಯಾವಾಗಲೂ ಮೂರನೆಯದೇ ಮುಖ್ಯ. ಸರಿಮಾಡಿಕೊಳ್ಳಬಹುದು ಅಂತಾದರೆ ಹತ್ತರಲ್ಲಿ ಎಂಟು ಸಲ ಸೋಲುವ ಕೆಲಸಕ್ಕೂ ಕೈ ಹಾಕಬಹುದು.

"ಹಾಸಿಗೆ ಇದ್ದಷ್ಟು ಕಾಲು ಚಾಚು" ಅಂತಾರೆ, "ಧೈರ್ಯಂ ಸರ್ವತ್ರ ಸಾಧನಂ" ಅಂತಲೂ ಅಂತಾರೆ. ಯಾವುದನ್ನು ಕೇಳಲಿ?

ಎರಡನ್ನೂ ಕೇಳಿ, ಆದರೆ ಒಂದೇ ವಿಷಯಕ್ಕಲ್ಲ. ಯಾವ ಕಡೆ ಹೋಗಬೇಕು ಅನ್ನೋದನ್ನು ಧೈರ್ಯಕ್ಕೆ, ಆಸೆಗೆ ಬಿಡಿ. ಎಷ್ಟು ಪಣಕ್ಕಿಡಬೇಕು ಅನ್ನೋದನ್ನು ಹಾಸಿಗೆ ಹೇಳಲಿ. ನಾನು ನೋಡಿದ ಹೆಚ್ಚಿನ ಎಡವಟ್ಟುಗಳು ಈ ಕೆಲಸ ಅದಲುಬದಲಾದಾಗಲೇ ಆದವು. ಒಬ್ಬರು ಬಾಡಿಗೆ, ಕಂತಿನ ಲೆಕ್ಕ ನೋಡಿ ತಮಗೆ ಇಷ್ಟವಾದ ದಾರಿಯನ್ನೇ ಬಿಟ್ಟುಬಿಡುತ್ತಾರೆ. ಇನ್ನೊಬ್ಬರು ಹುಮ್ಮಸ್ಸಿನಲ್ಲಿ ಉಳಿತಾಯವನ್ನೆಲ್ಲ ಒಂದೇ ಕಡೆ ಸುರಿಯುತ್ತಾರೆ. ಮೊದಲನೆಯವರು ಅದೇ ದಾರಿಯಲ್ಲಿ ಚಿಕ್ಕ ಹೆಜ್ಜೆ ಇಡಬಹುದಿತ್ತು. ಎರಡನೆಯವರು ಕಾಲು ಭಾಗ ಮಾತ್ರ ಹಾಕಬಹುದಿತ್ತು.

ಒಳ್ಳೆಯದನ್ನೇ ಯೋಚಿಸಿದ್ರೆ ಒಳ್ಳೆಯದೇ ಆಗುತ್ತಂತೆ. ನಿಜವಾ?

ಅರ್ಧ ನಿಜ. ಆ ಅರ್ಧ ಯಾವುದು ಅನ್ನೋದು ಸ್ವಾರಸ್ಯದ್ದು.

ಗೇಬ್ರಿಯೆಲ್ ಓಟಿಂಗನ್ ಅನ್ನುವ ಮನಶ್ಶಾಸ್ತ್ರಜ್ಞೆ 1991ರಲ್ಲಿ ಥಾಮಸ್ ವ್ಯಾಡನ್ ಜೊತೆ ಒಂದು ಅಧ್ಯಯನ ಪ್ರಕಟಿಸಿದರು. ತೂಕ ಇಳಿಸುವ ತರಬೇತಿಗೆ ಸೇರಿದ 25 ಹೆಂಗಸರನ್ನು ಶುರುವಿನಲ್ಲೇ ಎರಡು ಬಗೆಯಲ್ಲಿ ವಿಚಾರಿಸಿದರು. ನಿಮ್ಮಿಂದ ಇದು ಆಗುತ್ತೆ ಅನ್ನಿಸುತ್ತದೆಯೇ? ತೆಳ್ಳಗಾದ ಮೇಲಿನ ದಿನಗಳನ್ನು ಹೇಗೆ ಕಲ್ಪಿಸಿಕೊಳ್ಳುತ್ತೀರಿ? ಒಂದು ವರ್ಷದ ಮೇಲೆ ನೋಡಿದರೆ, ಆಗುತ್ತೆ ಅಂತ ನಂಬಿದವರು ಉಳಿದವರಿಗಿಂತ ಜಾಸ್ತಿ ತೂಕ ಇಳಿಸಿದ್ದರು. ಆದರೆ ಎಲ್ಲವೂ ಸುಗಮವಾಗಿ ಆದಂತೆ ಬಣ್ಣಬಣ್ಣದ ಚಿತ್ರ ಕಟ್ಟಿಕೊಂಡವರು, ಅಂಥ ಚಿತ್ರ ಕಟ್ಟದವರಿಗಿಂತ ಸುಮಾರು 11 ಕಿಲೋ ಕಡಿಮೆ ಇಳಿಸಿದ್ದರು.

ಅಂದರೆ ನಂಬಿಕೆ ಕೆಲಸ ಮಾಡಿಸುತ್ತದೆ. ಹಗಲುಗನಸು ಕೆಲಸ ಮುಗಿದ ಸಮಾಧಾನವನ್ನು ಮೊದಲೇ ಕೊಟ್ಟುಬಿಡುತ್ತದೆ. ಓಟಿಂಗನ್ ಆಮೇಲೆ ಕಟ್ಟಿದ ವಿಧಾನ ಸರಳ. ಬೇಕಾದದ್ದನ್ನು ಚೆನ್ನಾಗಿ ಕಲ್ಪಿಸಿಕೊಳ್ಳಿ. ತಕ್ಷಣವೇ, ನಿಮ್ಮೊಳಗೆ ಅದಕ್ಕೆ ಅಡ್ಡ ಬರುವುದೇನು ಅಂತ ಕೇಳಿಕೊಳ್ಳಿ. ಆ ಅಡ್ಡಿ ಎದುರಾದಾಗ ಏನು ಮಾಡುತ್ತೀರಿ ಅಂತ ಮೊದಲೇ ಒಂದು ಸಾಲು ಬರೆದಿಡಿ. "ರಾತ್ರಿ ಸುಸ್ತಾಗಿ ಓದೋಕೆ ಆಗದಿದ್ದರೆ ಬೆಳಿಗ್ಗೆ ಫೋನ್ ಮುಟ್ಟುವ ಮೊದಲು ಅರ್ಧ ಗಂಟೆ ಓದುತ್ತೇನೆ" ಅನ್ನುವಷ್ಟು ಖಚಿತವಾಗಿ ಇರಬೇಕು.

ನಾನು ಹುಟ್ಟು ಹೆದರುಪುಕ್ಕಲು. ಕೆಟ್ಟದ್ದೇ ಮೊದಲು ಹೊಳೆಯುತ್ತೆ. ಬದಲಾಗಬೇಕಾ?

ಬೇಕಿಲ್ಲ. ಕೆಟ್ಟದ್ದು ಹೊಳೆದ ಮೇಲೆ ನೀವು ಏನು ಮಾಡುತ್ತೀರಿ ಅನ್ನೋದು ಮುಖ್ಯ. ಹೊಳೆದದ್ದಕ್ಕೆಲ್ಲ ತಯಾರಿ ಮಾಡಿಕೊಂಡು ಹೋಗುವವರಾದರೆ ನಿಮ್ಮ ಸ್ವಭಾವ ಆಸ್ತಿ. ಮನಶ್ಶಾಸ್ತ್ರಜ್ಞರಾದ ಜೂಲಿ ನೋರೆಮ್ ಮತ್ತು ನ್ಯಾನ್ಸಿ ಕ್ಯಾಂಟರ್ 1986ರಲ್ಲೇ ಇದನ್ನು ತೋರಿಸಿದ್ದರು: ಇಂಥವರನ್ನು ಹಿಡಿದು "ನಿಮಗೇನು, ಚೆನ್ನಾಗೇ ಮಾಡ್ತೀರಿ" ಅಂತ ಹುರಿದುಂಬಿಸಿದರೆ ಅವರ ಕೆಲಸ ಕೆಡುತ್ತದೆ. ಚಿಂತೆಯೇ ಅವರ ತಯಾರಿ. ಹೊಳೆದದ್ದನ್ನು ಹೊದ್ದುಕೊಂಡು ಸುಮ್ನೆ ಮಲಗುವವರಾದರೆ ಮಾತ್ರ ಸ್ವಲ್ಪ ಯೋಚಿಸಿ.

## ಲೆಕ್ಕಕ್ಕೆ ಕೂತಾಗ

ಇರೋ ಕೆಲಸ ಬಿಟ್ಟು ಸ್ವಂತದ್ದು ಶುರು ಮಾಡಬೇಕು. ಒಂದೇ ಸಲ ಧುಮುಕಿಬಿಡಲಾ?

ಬೇಡ. ಅತಿ ಹೆಚ್ಚು ಬರುವ ಪ್ರಶ್ನೆ ಇದು. ಕೇಳುವವರಲ್ಲಿ ಮುಕ್ಕಾಲು ಜನ "ಧುಮುಕಿ" ಅನ್ನೋ ಉತ್ತರವನ್ನು ಮೊದಲೇ ಜೇಬಿನಲ್ಲಿಟ್ಟುಕೊಂಡು ಬಂದಿರುತ್ತಾರೆ.

ಧುಮುಕದಿದ್ದರೆ ಮನಸ್ಸಿಟ್ಟು ಮಾಡಲು ಆಗುವುದಿಲ್ಲ ಅನ್ನೋದು ಸಾಮಾನ್ಯ ವಾದ. ಸಂಶೋಧಕರಾದ ಜೋಸೆಫ್ ರಾಫಿ ಮತ್ತು ಜೀ ಫೆಂಗ್ 2014ರಲ್ಲಿ ಅಮೆರಿಕದ ಅಂಕಿಅಂಶ ಇಟ್ಟುಕೊಂಡು ಇದನ್ನು ಪರೀಕ್ಷಿಸಿದರು. ಕೆಲಸದಲ್ಲಿದ್ದುಕೊಂಡೇ ಪಕ್ಕದಲ್ಲಿ ಸ್ವಂತದ್ದು ಶುರು ಮಾಡಿ, ಆಮೇಲೆ ಪೂರ್ತಿ ಅದಕ್ಕೆ ಇಳಿದವರು ಮುಚ್ಚಿಕೊಂಡು ಹೋಗುವ ಸಂಭವ ಒಂದೇ ಸಲ ಧುಮುಕಿದವರಿಗಿಂತ ಮೂರನೇ ಒಂದು ಭಾಗ ಕಡಿಮೆ ಇತ್ತು. ಕಾರಣ ಊಹಿಸುವುದು ಕಷ್ಟವಲ್ಲ. ಸಂಬಳ ಬರುತ್ತಿರುವಾಗ ತಪ್ಪು ಮಾಡಿ ಕಲಿಯಲು ಟೈಮ್ ಸಿಗುತ್ತದೆ. ಇದು ಕೈ ಹತ್ತುವುದಿಲ್ಲ ಅಂತ ಗೊತ್ತಾದವರು ನಡುವೆಯೇ ಸುಮ್ಮನಾಗುತ್ತಾರೆ. ಬೇಕಾಬಿಟ್ಟಿ ಗಿರಾಕಿಗೆ "ಆಗಲ್ಲ" ಅನ್ನುವ ಧೈರ್ಯವೂ ಇರುತ್ತದೆ.

ರೈಟ್ ಸಹೋದರರನ್ನು ನೋಡಿ. ಹಾರುವ ಯಂತ್ರ ಕಟ್ಟುವುದಕ್ಕಿಂತ ದೊಡ್ಡ ಆಸೆ ಆ ಕಾಲಕ್ಕೆ ಇನ್ನೊಂದು ಇರಲಿಲ್ಲ. ಅವರು ಮಾಡಿದ ರೀತಿ ಮಾತ್ರ ಪಕ್ಕಾ ಲೆಕ್ಕದ ಜನರದ್ದು. ಅಮೆರಿಕದ ಡೇಟನ್ ಊರಿನಲ್ಲಿ ಅವರ ಸೈಕಲ್ ಅಂಗಡಿ ನಡೆಯುತ್ತಲೇ ಇತ್ತು, ಪ್ರಯೋಗದ ಖರ್ಚು ಅಲ್ಲಿಂದಲೇ ಬರುತ್ತಿತ್ತು. ಜರ್ಮನಿಯ ಆಟೊ ಲಿಲಿಯೆಂತಾಲ್ 1896ರಲ್ಲಿ ಗ್ಲೈಡರಿನಿಂದ, ಅಂದರೆ ಎಂಜಿನ್ ಇಲ್ಲದೆ ತೇಲುವ ಯಂತ್ರದಿಂದ, ಬಿದ್ದು ಸತ್ತದ್ದು ಅವರಿಗೆ ಗೊತ್ತಿತ್ತು. ಹಾಗಾಗಿ ಎಂಜಿನ್ ಸುದ್ದಿಗೇ ಹೋಗದೆ, ಗಾಳಿಯಲ್ಲಿ ಯಂತ್ರವನ್ನು ಹಿಡಿತದಲ್ಲಿ ಇಟ್ಟುಕೊಳ್ಳುವುದನ್ನು ಮೊದಲು ಕಲಿತರು. 1899ರಲ್ಲಿ ಗಾಳಿಪಟ. 1900ರಿಂದ ಗ್ಲೈಡರ್. ಜಾಗವನ್ನೂ ಹುಡುಕಿ ಆರಿಸಿದ್ದರು: ಒಂದೇ ಸಮ ಗಾಳಿ ಬೀಸುವ, ಬಿದ್ದರೆ ಮೂಳೆ ಮುರಿಯದಂಥ ಮರಳ ದಿಬ್ಬಗಳು. 1902ರ ಶರತ್ಕಾಲದಲ್ಲಿ ಕೆಲವೇ ವಾರಗಳಲ್ಲಿ ನೂರಾರು ಸಲ ತೇಲಿದರು, ಹೆಚ್ಚಾಗಿ ನೆಲದಿಂದ ತೀರಾ ಎತ್ತರಕ್ಕೆ ಹೋಗದೆ. ಎಂಜಿನ್ ಕೂರಿಸಿದ್ದು 1903ರಲ್ಲಿ. ಡಿಸೆಂಬರ್ 17ರ ಮೊದಲ ಹಾರಾಟ 12 ಸೆಕೆಂಡು, 37 ಮೀಟರ್. ಅದೇ ದಿನದ ನಾಲ್ಕನೆಯದು 59 ಸೆಕೆಂಡು, 260 ಮೀಟರ್. ಅದಾದ ಸ್ವಲ್ಪ ಹೊತ್ತಿಗೆ ಗಾಳಿ ಯಂತ್ರವನ್ನೇ ಉರುಳಿಸಿ ಮುರಿದುಹಾಕಿತು. ಯಂತ್ರ ಹೋಯಿತು, ಅವರಿಬ್ಬರೂ ಉಳಿದರು, ಅಂಗಡಿಯೂ ಇತ್ತು.

ಇನ್ನೊಂದು ಸಂಗತಿ ಬಿಡುವ ಹಾಗಿಲ್ಲ. ಅಣ್ಣತಮ್ಮ ಇಬ್ಬರೂ ಒಟ್ಟಿಗೆ ಹಾರುವುದಿಲ್ಲ ಅಂತ ತಂದೆಗೆ ಮಾತು ಕೊಟ್ಟಿದ್ದರು. ಒಬ್ಬ ಸತ್ತರೂ ಇನ್ನೊಬ್ಬ ಕೆಲಸ ಮುಂದುವರಿಸಬೇಕಲ್ಲ. ಅಪ್ಪನ ಒಪ್ಪಿಗೆ ಪಡೆದು ಇಬ್ಬರೂ ಒಟ್ಟಿಗೆ ಹಾರಿದ್ದು ಒಂದೇ ಸಲ, 1910ರ ಮೇ 25ರಂದು. ಅವತ್ತೇ 81 ವರ್ಷದ ತಂದೆಯನ್ನೂ ಕೂರಿಸಿಕೊಂಡು ತಮ್ಮ ಆರ್ವಿಲ್ ಮೇಲೇರಿದ. ಮುದುಕರು ಹೆದರಲಿಲ್ಲ, ಇನ್ನೂ ಮೇಲೆ ಹೋಗು ಅಂದರಂತೆ.

ಹಾಗಾದರೆ ಕೆಲಸ ಬಿಡುವುದು ಯಾವಾಗ? ಪಕ್ಕದ ಕೆಲಸಕ್ಕೆ ಟೈಮ್ ಕೊಡಲಾಗದೆ ಬಂದ ಗಿರಾಕಿಯನ್ನು ವಾಪಸ್ ಕಳಿಸುವ ಸ್ಥಿತಿ ಬಂದಾಗ. ನೆಂಟರಿಷ್ಟರ ಲೆಕ್ಕ ಬಿಟ್ಟು ಹೇಳುತ್ತಿದ್ದೇನೆ.

ಎಷ್ಟರವರೆಗೆ ಕಳ್ಕೊಳ್ಳಬಹುದು ಅಂತ ಹೇಗೆ ಗೊತ್ತಾಗುತ್ತೆ?

ಕಳೆದುಕೊಂಡ ಮೇಲೂ ಇನ್ನೊಂದು ಸಲ ಪ್ರಯತ್ನ ಮಾಡಲು ಸಾಧ್ಯವಿರಬೇಕು. ಆ ಗೆರೆ ದಾಟಬಾರದು.

ಇದಕ್ಕೊಂದು ಸರಳ ಗಣಿತವಿದೆ. ಇದ್ದದ್ದರಲ್ಲಿ ಶೇ. 20 ಹೋದರೆ ಮೊದಲಿನ ಸ್ಥಿತಿಗೆ ಬರಲು ಉಳಿದದ್ದು ಶೇ. 25 ಬೆಳೆಯಬೇಕು. ಅರ್ಧ ಹೋದರೆ ಉಳಿದದ್ದು ದುಪ್ಪಟ್ಟಾಗಬೇಕು. ಶೇ. 80 ಹೋದರೆ ಉಳಿದದ್ದು ಐದು ಪಟ್ಟಾಗಬೇಕು. ನಷ್ಟ ಸ್ವಲ್ಪ ಹೆಚ್ಚಿದರೂ ವಾಪಸ್ ಬರುವ ದಾರಿ ಎಷ್ಟು ಕಡಿದಾಗುತ್ತದೆ ನೋಡಿ.

ದುಡ್ಡಿನ ಜೊತೆ ಇನ್ನೂ ಮೂರು ಲೆಕ್ಕ ಇವೆ. ಆರೋಗ್ಯ, ಮನೆಯವರ ನಂಬಿಕೆ, ನಿಮ್ಮ ಮಾತಿಗಿರುವ ಬೆಲೆ. ದುಡ್ಡು ಹೋದರೆ ದುಡಿಯಬಹುದು. ಮೂರು ಜನರ ಹತ್ತಿರ ಕೈಸಾಲ ಮಾಡಿ ತಿರುಗಿಸಲು ಆಗದೆ ಮುಖ ತಪ್ಪಿಸಿ ಓಡಾಡುವ ಸ್ಥಿತಿ ಬಂದರೆ, ಮುಂದಿನ ಸಲ ಸಹಾಯಕ್ಕೆ ಯಾರೂ ಇರುವುದಿಲ್ಲ. ಹಾಗಾಗಿ ಶುರು ಮಾಡುವ ಮುಂಚೆ ಒಂದು ಹಾಳೆ ತಗೊಂಡು ಬರೆಯಿರಿ. ಎಷ್ಟು ದುಡ್ಡು, ಎಷ್ಟು ತಿಂಗಳು, ಯಾರ ಹತ್ತಿರ ಕೇಳುವುದಿಲ್ಲ. ನಡುವೆ ಬಿಸಿ ಏರಿದಾಗ ತಲೆಯಲ್ಲಿರುವ ಅಂಕಿ ತಾನೇ ಬೆಳೆಯುತ್ತದೆ. ಹಾಳೆಯಲ್ಲಿರುವುದು ಬೆಳೆಯುವುದಿಲ್ಲ.

ಅಂದ್ಕೊಂಡದ್ದಕ್ಕಿಂತ ಯಾವಾಗಲೂ ಜಾಸ್ತಿ ಟೈಮ್ ಹಿಡಿಯುತ್ತೆ, ಜಾಸ್ತಿ ದುಡ್ಡು ಹೋಗುತ್ತೆ. ನಾನೊಬ್ಬನೇ ಹೀಗಾ?

ನೀವೊಬ್ಬರೇ ಅಲ್ಲ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾಹ್ನೆಮನ್ ಮತ್ತು ಏಮಸ್ ಟ್ವೆರ್‌ಸ್ಕಿ 1979ರಲ್ಲೇ ಈ ದೋಷವನ್ನು ಗುರುತಿಸಿ ಹೆಸರಿಟ್ಟರು. 1994ರ ಇನ್ನೊಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳನ್ನು "ಪ್ರಬಂಧ ಯಾವಾಗ ಮುಗಿಸುತ್ತೀರಿ" ಅಂತ ಕೇಳಿದರು. ಅವರ ಅಂದಾಜು ಸರಾಸರಿ 34 ದಿನ. ನಿಜವಾಗಿ ಹಿಡಿದದ್ದು 55 ದಿನ. ಹೇಳಿದ ದಿನಕ್ಕೆ ಮುಗಿಸಿದವರು ಮೂರರಲ್ಲಿ ಒಬ್ಬರೂ ಇಲ್ಲ. ದೊಡ್ಡವರ ಕಥೆಯೂ ಬೇರೆಯಲ್ಲ. ಸಿಡ್ನಿಯ ಒಪೆರಾ ಹೌಸ್ 1963ಕ್ಕೆ 70 ಲಕ್ಷ ಆಸ್ಟ್ರೇಲಿಯಾ ಡಾಲರಿನಲ್ಲಿ ಮುಗಿಯುತ್ತದೆ ಅಂತ ಅಂದಾಜಿತ್ತು. ಬಾಗಿಲು ತೆರೆದದ್ದು 1973ರಲ್ಲಿ, ಖರ್ಚು 10 ಕೋಟಿ 20 ಲಕ್ಷ.

ಯಾಕೆ ಹೀಗೆ? ಅಂದಾಜು ಹಾಕುವಾಗ ನಾವು ಕೆಲಸವನ್ನು ಒಂದು ಕಥೆಯಂತೆ ನೋಡುತ್ತೇವೆ. ಇದಾದ ಮೇಲೆ ಅದು, ಅದಾದ ಮೇಲೆ ಇನ್ನೊಂದು. ಆ ಕಥೆಯಲ್ಲಿ ಯಾರಿಗೂ ಜ್ವರ ಬರುವುದಿಲ್ಲ, ಯಾರೂ ರಜೆ ಹಾಕುವುದಿಲ್ಲ. ಐದು ಹಂತದ ಕೆಲಸ ಅಂದುಕೊಳ್ಳಿ. ಪ್ರತಿ ಹಂತ ಟೈಮಿಗೆ ಸರಿಯಾಗಿ ಮುಗಿಯುವ ಸಾಧ್ಯತೆ ಶೇ. 80. ಚೆನ್ನಾಗೇ ಇದೆ ಅನ್ನಿಸುತ್ತದೆ. ಐದೂ ಹಂತ ಟೈಮಿಗೆ ಮುಗಿಯುವ ಸಾಧ್ಯತೆ ಶೇ. 33 ಮಾತ್ರ.

ಮದ್ದು ಒಂದೇ. ನಿಮ್ಮ ಪ್ಲಾನ್ ಪಕ್ಕಕ್ಕಿಡಿ. ಇಂಥದ್ದೇ ಕೆಲಸ ಮಾಡಿದ ನಾಲ್ಕು ಜನರಿಗೆ ನಿಜವಾಗಿ ಎಷ್ಟು ಹಿಡಿಯಿತು ಅಂತ ಕೇಳಿ. "ಅವರು ಸೋಮಾರಿಗಳು, ನಾನು ಬೇಗ ಮಾಡ್ತೀನಿ" ಅಂತ ಒಳಗಿನಿಂದ ಒಂದು ದನಿ ಬರುತ್ತದೆ. ಅವರಿಗೂ ಬಂದಿತ್ತು.

ಹತ್ತು ಕಡೆ ಅರ್ಜಿ ಹಾಕಿದೆ, ಒಂದೂ ಆಗಲಿಲ್ಲ. ನನ್ನ ಹಣೆಬರಹ ಇಷ್ಟೇನಾ?

ಹತ್ತಕ್ಕೆ ಒಂದು ಸಿಗುವಂಥ ಕೆಲಸಕ್ಕೆ ಹತ್ತು ಸಲ ಪ್ರಯತ್ನಿಸಿದರೆ ಒಂದಾದರೂ ಸಿಗುವ ಸಾಧ್ಯತೆ ಶೇ. 65. ಅಂದರೆ ಮೂರು ಜನರಲ್ಲಿ ಒಬ್ಬರು ಏನೂ ತಪ್ಪು ಮಾಡದೆ ಬರಿಗೈಲಿ ಬರುತ್ತಾರೆ. ಶೇ. 90 ಭರವಸೆ ಬೇಕಾದರೆ 22 ಪ್ರಯತ್ನ ಬೇಕು. ಹತ್ತಕ್ಕೇ ತೀರ್ಪು ಕೊಟ್ಟುಕೊಳ್ಳಬೇಡಿ.

ಆದರೆ ಎರಡು ಷರತ್ತು. ಒಂದು, ಒಂದೇ ಅರ್ಜಿಯನ್ನು ಹಾಗೇ ಮತ್ತೆ ಮತ್ತೆ ಕಳಿಸಿದರೆ ಈ ಗಣಿತ ನಡೆಯುವುದಿಲ್ಲ. ಅರ್ಜಿಯಲ್ಲೇ ಕೊರತೆ ಇದ್ದರೆ ಎಲ್ಲ ಕಡೆಯೂ ಅದೇ ಕಾರಣಕ್ಕೆ ತಳ್ಳುತ್ತಾರೆ. ಐದಾರು ಸಲ ಆದ ಮೇಲೆ ಗೊತ್ತಿದ್ದವರ ಕೈಗೆ ಕೊಟ್ಟು ತಿದ್ದಿಸಿ. ಎರಡು, ಪ್ರತಿ ಸೋಲು ಅಗ್ಗವಾಗಿರಬೇಕು. "ಪ್ರಯತ್ನ ಬಿಡಬಾರದು" ಅಂತ ಲಾಟರಿ ಹಿಂದೆ ಬಿದ್ದವರಿದ್ದಾರೆ. 49 ಅಂಕಿಯಲ್ಲಿ 6 ಸರಿಯಾಗಿ ಹೊಂದಿಸುವ ಲಾಟರಿಯಲ್ಲಿ ಒಂದು ಟಿಕೆಟ್ಟಿಗೆ ಮೊದಲ ಬಹುಮಾನದ ಸಾಧ್ಯತೆ 1,39,83,816ರಲ್ಲಿ ಒಂದು. ಜೀವಮಾನವಿಡೀ ವಾರಕ್ಕೊಂದು ಕೊಂಡರೂ ಗೆಲ್ಲುವ ಸಾಧ್ಯತೆ ಸಾವಿರಾರರಲ್ಲಿ ಒಂದು ಮಾತ್ರ.

ಎಲ್ಲ ಪಣಕ್ಕಿಟ್ಟು ಗೆದ್ದವರ ಕಥೆ ಎಷ್ಟೊಂದು ಇವೆಯಲ್ಲ, ಅವೆಲ್ಲ ಸುಳ್ಳಾ?

ಕಥೆಗಳು ನಿಜವೇ. ಎಲ್ಲ ಪಣಕ್ಕಿಟ್ಟು ಸೋತವರನ್ನು ಮಾತ್ರ ಯಾರೂ ಭಾಷಣಕ್ಕೆ ಕರೆಯುವುದಿಲ್ಲ, ಅಷ್ಟೇ. ಎರಡನೇ ಮಹಾಯುದ್ಧದಲ್ಲಿ ವಾಪಸ್ ಬಂದ ಬಾಂಬರ್ ವಿಮಾನಗಳ ಗುಂಡಿನ ಗುರುತುಗಳನ್ನು ಅಮೆರಿಕದ ಸೇನೆ ಲೆಕ್ಕ ಹಾಕುತ್ತಿತ್ತು. ಗುರುತು ಜಾಸ್ತಿ ಇದ್ದ ಕಡೆ ತಗಡು ಬಲಪಡಿಸೋಣ ಅನ್ನೋದು ಯಾರಿಗೂ ಹೊಳೆಯುವ ಮಾತು. ಸಂಖ್ಯಾಶಾಸ್ತ್ರಜ್ಞ ಏಬ್ರಹಾಂ ವಾಲ್ಡ್ ವಾಪಸ್ ಬಾರದ ವಿಮಾನಗಳನ್ನೂ ಲೆಕ್ಕಕ್ಕೆ ತಗೊಂಡರು. ಎಂಜಿನ್ನಿಗೆ ಗುಂಡು ಬಿದ್ದವುಗಳಲ್ಲಿ ಹೆಚ್ಚಿನವು ಮರಳಿ ಬರಲಿಲ್ಲ. ಅದಕ್ಕೇ ಬಂದವುಗಳ ಎಂಜಿನ್ನಿನ ಮೇಲೆ ಗುರುತು ಕಡಿಮೆ.

ಗೆದ್ದವರ ಕಥೆ ಕೇಳಿದಾಗ ಅವರ ಹಿಂದೆ ಏನಿತ್ತು ಅಂತಲೂ ವಿಚಾರಿಸಿ. ಸೋತಿದ್ದರೆ ಹೋಗಿ ಇರಲು ಮನೆ ಇತ್ತಾ? ಸಂಗಾತಿಗೆ ಸಂಬಳ ಇತ್ತಾ? ಬಹಳ ಸಲ "ಎಲ್ಲವನ್ನೂ" ಅನ್ನೋದು ಎಲ್ಲವೂ ಆಗಿರುವುದಿಲ್ಲ.

## ಮನೆ, ಮಾತು, ಮನಸ್ಸು

ಮನೆಯವರು ಏನು ಹೇಳಿದ್ರೂ ಬೇಡ ಅಂತಾರೆ. ಹೇಗೆ ಒಪ್ಪಿಸೋದು?

ಕನಸು ಹೇಳಿ ಒಪ್ಪಿಸಲು ಹೋಗುತ್ತೀರಿ, ಅದಕ್ಕೇ ಆಗುವುದಿಲ್ಲ. ಅವರ ತಲೆಯಲ್ಲಿರುವುದು ನಷ್ಟದ ಚಿತ್ರ. ಕಾಹ್ನೆಮನ್, ಟ್ವೆರ್‌ಸ್ಕಿ ಅವರ ಲೆಕ್ಕದಲ್ಲಿ ಕಳೆದುಕೊಳ್ಳುವ ನೋವು ಅಷ್ಟೇ ಗಳಿಸುವ ಖುಷಿಗಿಂತ ಹೆಚ್ಚುಕಡಿಮೆ ಎರಡರಷ್ಟು ತೂಗುತ್ತದೆ. ನೀವು ಲಾಭದ ಮಾತಾಡಿದಷ್ಟೂ ಅವರಿಗೆ ನಷ್ಟವೇ ಕಾಣುತ್ತದೆ.

"ಅಪ್ಪ, ನಾನು ಕೆಲಸ ಬಿಟ್ಟು ಫೋಟೋಗ್ರಫಿ ಮಾಡ್ತೀನಿ, ಇದು ನನ್ನ ಕನಸು" ಅಂದು ನೋಡಿ. ಅಪ್ಪ ಪೇಪರ್ ಮಡಚಿಟ್ಟು ಎದ್ದು ಹೋಗುತ್ತಾರೆ. ಹೀಗೆ ಹೇಳಿ ನೋಡಿ:

"ಅಪ್ಪ, ಇನ್ನು ಆರು ತಿಂಗಳು ಶನಿವಾರ, ಭಾನುವಾರ ಮಾತ್ರ ಫೋಟೋ ಕೆಲಸ ಮಾಡ್ತೀನಿ. ಕ್ಯಾಮೆರಾ ಕೊಳ್ಳಲ್ಲ, ಬಾಡಿಗೆಗೆ ತಗೊಳ್ತೀನಿ. ಉಳಿತಾಯದಲ್ಲಿ ಮುಟ್ಟೋದು ಇಷ್ಟು, ಇದರ ಮೇಲೆ ಒಂದು ಪೈಸೆ ಇಲ್ಲ. ಅಷ್ಟರಲ್ಲಿ ದುಡ್ಡು ಕೊಟ್ಟು ಕರೆಯೋರು ಹತ್ತು ಜನ ಸಿಗದಿದ್ರೆ ನಿಲ್ಲಿಸ್ತೀನಿ. ಇದರಲ್ಲಿ ಎಲ್ಲಿ ಎಡವಬಹುದು, ನೀವೇ ಹೇಳಿ."

ಕೊನೆಯ ಮಾತು ಕೆಲಸ ಮಾಡುತ್ತದೆ. ಗ್ಯಾರಿ ಕ್ಲೈನ್ ಅನ್ನುವವರು ಕಂಪನಿಗಳಿಗೆ ಹೇಳಿಕೊಟ್ಟ ಒಂದು ಉಪಾಯ ಮನೆಗೂ ಚೆನ್ನಾಗಿ ಒಗ್ಗುತ್ತದೆ. ಒಂದು ವರ್ಷ ಕಳೆದಿದೆ, ಕೆಲಸ ಪೂರ್ತಿ ಕೆಟ್ಟಿದೆ ಅಂತ ಎಲ್ಲರೂ ಅಂದುಕೊಳ್ಳಿ. ಯಾಕೆ ಕೆಟ್ಟಿತು ಅಂತ ಒಬ್ಬೊಬ್ಬರೂ ಬರೆಯಲಿ. ಇಷ್ಟು ದಿನ ಬೈಗುಳವಾಗಿ ಬರುತ್ತಿದ್ದ ಭಯ ಈಗ ಪಟ್ಟಿಯಾಗಿ ಬರುತ್ತದೆ. ಪಟ್ಟಿಗೆ ಉತ್ತರ ಹುಡುಕಬಹುದು. ಎಲ್ಲ ಆದ ಮೇಲೂ ಅವರು ಒಪ್ಪದೇ ಇರಬಹುದು. ಆದರೆ ಅವರ ಪಟ್ಟಿಯಲ್ಲಿ ನಿಮಗೆ ಹೊಳೆಯದ ಒಂದಾದರೂ ಇದ್ದೇ ಇರುತ್ತದೆ.

ಮಗಳಿಗೆ ಆಸೆ ಬೆಟ್ಟದಷ್ಟಿದೆ, ಪ್ರತಿಭೆ ಅಷ್ಟಕ್ಕಷ್ಟೇ. ನಿಜ ಹೇಳಿಬಿಡಲಾ?

"ನಿನ್ನಿಂದ ಆಗಲ್ಲ" ಅನ್ನೋದು ನಿಜವಲ್ಲ, ಭವಿಷ್ಯವಾಣಿ. ಅದನ್ನು ಹೇಳುವ ಹಕ್ಕು ನಿಮಗೂ ಇಲ್ಲ, ನನಗೂ ಇಲ್ಲ. ಹೇಳಬಹುದಾದ ನಿಜ ಬೇರೆ ಇದೆ. ಆ ಕ್ಷೇತ್ರದಲ್ಲಿ ಎಷ್ಟು ಜನ ಪ್ರಯತ್ನಿಸುತ್ತಾರೆ, ಎಷ್ಟು ಜನರಿಗೆ ಅದರಿಂದ ಜೀವನ ನಡೆಯುತ್ತದೆ, ದಿನಕ್ಕೆ ಎಷ್ಟು ತಾಸು ಅಭ್ಯಾಸ ಮಾಡುತ್ತಾರೆ. ಇದನ್ನು ನಿಮ್ಮ ಬಾಯಿಂದ ಕೇಳುವುದಕ್ಕಿಂತ ಆ ಕೆಲಸದಲ್ಲಿರುವವರ ಬಾಯಿಂದ ಕೇಳಲಿ. ಗೆದ್ದವರೊಬ್ಬರು, ಮಧ್ಯದಲ್ಲಿ ಬಿಟ್ಟವರೊಬ್ಬರು, ಇಬ್ಬರನ್ನೂ ಭೇಟಿ ಮಾಡಿಸಿ.

ಆಮೇಲೂ ಅವಳಿಗೆ ಬೇಕು ಅಂದರೆ ಟೈಮ್ ಕೊಡಿ, ಜೊತೆಗೆ ಇನ್ನೊಂದು ಓದೋ, ಕೆಲಸವೋ ಸಾಗುತ್ತಿರಲಿ. ಅವಳು ಅದರಲ್ಲಿ ಹೆಸರು ಮಾಡದಿದ್ದರೆ ಆ ವರ್ಷಗಳು ದಂಡ ಅಂತ ಲೆಕ್ಕ ಹಾಕುವುದು ದೊಡ್ಡವರ ಕೆಟ್ಟ ಅಭ್ಯಾಸ.

ನಿರೀಕ್ಷೆಯೇ ಇಟ್ಟುಕೊಳ್ಳದಿದ್ರೆ ಬೇಜಾರೂ ಇರಲ್ಲ ಅಲ್ವಾ?

ಫಲಿತಾಂಶ ಬರುವ ಹಿಂದಿನ ದಿನ ಹಾಗಂದುಕೊಳ್ಳಿ, ಪರವಾಗಿಲ್ಲ. ಆಗ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಶುರುವಿನಲ್ಲೇ ಹಾಗಂದುಕೊಂಡರೆ ತಯಾರಿಯೇ ಸಡಿಲವಾಗುತ್ತದೆ, ಆಮೇಲೆ "ನೋಡಿದ್ರಾ, ನಾನು ಹೇಳಿರಲಿಲ್ವಾ" ಅನ್ನೋದಕ್ಕೆ ಮಾತ್ರ ದಾರಿ.

## ಇನ್ನೂ ಸ್ವಲ್ಪ ಆಳಕ್ಕೆ

ಇಷ್ಟು ವರ್ಷ ಹಾಕಿದ್ದೀನಿ, ಈಗ ಹೇಗೆ ಬಿಡಲಿ?

ಹಾಕಿದ ವರ್ಷಗಳು ಮುಂದುವರಿದರೂ ವಾಪಸ್ ಬರುವುದಿಲ್ಲ, ಬಿಟ್ಟರೂ ಬರುವುದಿಲ್ಲ. ಅವನ್ನು ಎರಡೂ ಕಡೆಯಿಂದ ತೆಗೆದುಹಾಕಿ ಯೋಚಿಸಬೇಕು. ಹೇಳುವುದು ಸುಲಭ, ಗೊತ್ತು. ಹ್ಯಾಲ್ ಆರ್ಕ್ಸ್ ಮತ್ತು ಕ್ಯಾಥರೀನ್ ಬ್ಲೂಮರ್ 1985ರಲ್ಲಿ ಜನರ ಮುಂದೆ ಒಂದು ಸನ್ನಿವೇಶ ಇಟ್ಟರು. ಎರಡು ಪ್ರವಾಸಕ್ಕೆ ಮುಂಗಡ ಕೊಟ್ಟಿದ್ದೀರಿ, ಎರಡೂ ಒಂದೇ ದಿನಕ್ಕೆ ಬಂದಿವೆ. ಒಂದು ದುಬಾರಿ. ಇನ್ನೊಂದು ಅಗ್ಗ, ಆದರೆ ಅದರಲ್ಲೇ ಜಾಸ್ತಿ ಮಜಾ. ದುಡ್ಡು ಯಾವುದರದ್ದೂ ವಾಪಸ್ ಸಿಗುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಜನ ಮಜಾ ಕಡಿಮೆ ಇರುವ ದುಬಾರಿ ಪ್ರವಾಸವನ್ನೇ ಆರಿಸಿದರು.

ನನಗೆ ಗೊತ್ತಿರುವ ಅತಿ ಉಪಯೋಗದ ಪ್ರಶ್ನೆ: ಇವತ್ತು ಇದರಲ್ಲಿ ನಾನು ಇಲ್ಲದೇ ಇದ್ದಿದ್ದರೆ, ಈಗ ಗೊತ್ತಿರುವುದೆಲ್ಲ ಗೊತ್ತಿದ್ದೂ, ಹೊಸದಾಗಿ ಸೇರುತ್ತಿದ್ದೆನಾ? ಉತ್ತರ ಇಲ್ಲ ಅಂತ ಬಂದರೂ ಅವತ್ತೇ ಬಿಡಬೇಕಿಲ್ಲ. ಮೂರು ತಿಂಗಳ ಮುಂದಿನ ಒಂದು ದಿನ ಗುರುತು ಹಾಕಿ. ಅಷ್ಟರೊಳಗೆ ಯಾವ ಬದಲಾವಣೆ ಕಂಡರೆ ಉಳಿಯುತ್ತೀರಿ ಅಂತ ಬರೆಯಿರಿ. "ಸ್ವಲ್ಪ ಸುಧಾರಿಸಿದರೆ" ಅಂತ ಬರೆದರೆ ಉಪಯೋಗವಿಲ್ಲ. ಯಾರು ನೋಡಿದರೂ ಹೌದು ಅಥವಾ ಇಲ್ಲ ಅನ್ನುವಂತಿರಬೇಕು.

ಮಾಡಿ ಸೋತ ಕೊರಗು ದೊಡ್ಡದಾ, ಮಾಡದೇ ಬಿಟ್ಟ ಕೊರಗು ದೊಡ್ಡದಾ?

ಸದ್ಯಕ್ಕೆ ಮೊದಲನೆಯದು, ಕಾಲ ಕಳೆದಂತೆ ಎರಡನೆಯದು. ಥಾಮಸ್ ಗಿಲೋವಿಚ್ ಮತ್ತು ವಿಕ್ಟೋರಿಯಾ ಮೆಡ್ವೆಕ್ 1990ರ ದಶಕದಲ್ಲಿ ಮಾಡಿದ ಅಧ್ಯಯನಗಳು ಇದನ್ನೇ ಹೇಳುತ್ತವೆ. ಮಾಡಿ ಕೆಟ್ಟದ್ದಕ್ಕೆ ಏನಾದರೂ ಪರಿಹಾರ ಹುಡುಕುತ್ತೇವೆ, ಪಾಠ ಕಲಿತೆ ಅಂತ ಸಮಾಧಾನ ಮಾಡಿಕೊಳ್ಳುತ್ತೇವೆ. ಮಾಡದೇ ಬಿಟ್ಟದ್ದಕ್ಕೆ ಕೊನೆಯೇ ಇಲ್ಲ. ಅದು ಹೇಗೆಲ್ಲ ಆಗಬಹುದಿತ್ತು ಅಂತ ಮನಸ್ಸು ಬೆಳೆಸುತ್ತಲೇ ಇರುತ್ತದೆ.

ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ಇನ್ನೂ ವಿಚಿತ್ರವಾದ ಪ್ರಯೋಗ ಮಾಡಿದರು. ಕೆಲಸ ಬಿಡಲಾ, ಸಂಬಂಧ ಮುರಿಯಲಾ ಅಂತ ತೀರ್ಮಾನಕ್ಕೆ ಬಾರದೆ ಒದ್ದಾಡುತ್ತಿದ್ದವರಿಗೆ ಕಂಪ್ಯೂಟರಿನಲ್ಲಿ ನಾಣ್ಯ ಚಿಮ್ಮುವ ಅವಕಾಶ ಕೊಟ್ಟರು. 20 ಸಾವಿರಕ್ಕೂ ಹೆಚ್ಚು ಸಲ ನಾಣ್ಯ ಚಿಮ್ಮಲಾಯಿತು. ದೊಡ್ಡ ನಿರ್ಧಾರಗಳ ವಿಷಯದಲ್ಲಿ, ಬದಲಾವಣೆ ಮಾಡಿಕೊಂಡವರು ಆರು ತಿಂಗಳ ಮೇಲೆ ಮಾಡಿಕೊಳ್ಳದವರಿಗಿಂತ ಖುಷಿಯಾಗಿದ್ದರು. ಇದನ್ನು "ಬಿಡುವುದೇ ಒಳ್ಳೆಯದು" ಅಂತ ಓದಬೇಡಿ. ಇವರೆಲ್ಲ ನಾಣ್ಯಕ್ಕೆ ಕೈ ಚಾಚುವ ಮಟ್ಟಿಗೆ ಸಮಸಮ ತೂಗುತ್ತಿದ್ದವರು. ಅಂಥ ಸ್ಥಿತಿಯಲ್ಲಿ ನಾವು ಇದ್ದಲ್ಲೇ ಇರುವ ಕಡೆಗೆ ಜಾಸ್ತಿ ವಾಲುತ್ತೇವೆ, ಅಷ್ಟು ತಿಳಿದರೆ ಸಾಕು.

ಸರಾಸರಿ ಲಾಭ ಇರೋ ಕಡೆ ಮತ್ತೆ ಮತ್ತೆ ಹಾಕ್ತಾ ಹೋದ್ರೆ ಕೊನೆಗೆ ಗೆಲ್ಲಲೇಬೇಕಲ್ವಾ?

ಲೆಕ್ಕ ಗೊತ್ತಿದ್ದವರೂ ಇಲ್ಲಿ ಕೈ ಸುಟ್ಟುಕೊಳ್ಳುತ್ತಾರೆ. ಒಂದು ಆಟ ಇದೆ ಅನ್ನಿ. ನಾಣ್ಯ ಒಂದು ಕಡೆ ಬಿದ್ದರೆ ನಿಮ್ಮ ಹಣ ಶೇ. 50 ಏರುತ್ತದೆ, ಇನ್ನೊಂದು ಕಡೆ ಬಿದ್ದರೆ ಶೇ. 40 ಇಳಿಯುತ್ತದೆ. ಸರಾಸರಿ ತೆಗೆದರೆ ಪ್ರತಿ ಆಟಕ್ಕೆ ಶೇ. 5 ಲಾಭ. ಯಾರು ಬೇಡ ಅಂತಾರೆ?

ಈಗ 100 ಇಟ್ಟು ಆಡಿ. ಒಂದು ಗೆಲುವು, 150. ಒಂದು ಸೋಲು, 90. ಗೆಲುವು ಸೋಲು ಸಮ ಬಂದರೂ ಹತ್ತು ಹೋಯಿತು. 20 ಆಟದಲ್ಲಿ ಹತ್ತು ಗೆದ್ದು ಹತ್ತು ಸೋತರೆ ಕೈಯಲ್ಲಿ ಉಳಿಯುವುದು ಸುಮಾರು 35. ಸಾವಿರ ಜನ ಆಡಿದರೆ ಕೆಲವೇ ಕೆಲವರು ವಿಪರೀತ ಗೆದ್ದು ಸರಾಸರಿಯನ್ನು ಎತ್ತಿ ಹಿಡಿಯುತ್ತಾರೆ. ಉಳಿದವರು ಕರಗುತ್ತಾರೆ. ನೀವು ಬದುಕುವುದು ಒಂದೇ ಬದುಕು. ಸಾವಿರ ಜನರ ಸರಾಸರಿ ನಿಮ್ಮ ಜೇಬಿಗೆ ಬರುವುದಿಲ್ಲ.

ಆಟ ಕೆಟ್ಟದ್ದಲ್ಲ, ಪ್ರತಿ ಸಲ ಪೂರ್ತಿ ಹಾಕುವುದು ಕೆಟ್ಟದ್ದು. ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದ ಜಾನ್ ಕೆಲಿ 1956ರಲ್ಲಿ ಇದಕ್ಕೆ ಸೂತ್ರವನ್ನೇ ಕೊಟ್ಟರು. ಗೆಲ್ಲುವ ಸಾಧ್ಯತೆ ಶೇ. 60 ಇದ್ದು, ಗೆದ್ದರೆ ಹಾಕಿದಷ್ಟೇ ಲಾಭ, ಸೋತರೆ ಹಾಕಿದ್ದು ಹೋಗುವ ಪಂದ್ಯದಲ್ಲಿ ಸಹ ಇದ್ದದ್ದರಲ್ಲಿ ಶೇ. 20ಕ್ಕಿಂತ ಜಾಸ್ತಿ ಹಾಕುವುದು ದಡ್ಡತನ. ದಿನನಿತ್ಯದ ಬದುಕಿನಲ್ಲಿ ಸಾಧ್ಯತೆ ಶೇ. 60 ಅಂತ ಯಾರೂ ಬರೆದುಕೊಡುವುದಿಲ್ಲ. ಹಾಗಾಗಿ ಇನ್ನೂ ಕಡಿಮೆ ಹಾಕಿ.

ಒಂದು ಸಲ ಹಾಕಿದ್ದು ಚೆನ್ನಾಗಿ ಕೈ ಹಿಡಿಯಿತು. ಈ ಸಲ ದೊಡ್ಡದಾಗಿ ಹಾಕಲಾ?

ಗೆದ್ದದ್ದಕ್ಕೂ ಸರಿಯಾಗಿ ಯೋಚಿಸಿದ್ದಕ್ಕೂ ಸಂಬಂಧ ಇರಲೇಬೇಕು ಅಂತಿಲ್ಲ. ಕುರುಡಾಗಿ ರಸ್ತೆ ದಾಟಿದವರೂ ಆಚೆ ದಡ ಸೇರುತ್ತಾರೆ. ರಿಚರ್ಡ್ ಥೇಲರ್ ಮತ್ತು ಎರಿಕ್ ಜಾನ್ಸನ್ 1990ರಲ್ಲಿ ತೋರಿಸಿದಂತೆ, ಈಗಷ್ಟೇ ಗೆದ್ದ ಹಣವನ್ನು ಜನ ತಮ್ಮದಲ್ಲವೇನೋ ಅನ್ನುವಂತೆ ಸಲೀಸಾಗಿ ಪಣಕ್ಕಿಡುತ್ತಾರೆ. ಹೋದಾಗ ಮಾತ್ರ ಅದು ನಮ್ಮದೇ ಆಗಿರುತ್ತದೆ.

ಒಂದು ನೋಟ್‌ಬುಕ್ ಇಡಿ. ನಿರ್ಧಾರ ಮಾಡುವ ದಿನವೇ ಏನಾಗುತ್ತದೆ ಅಂದುಕೊಂಡಿದ್ದೀರಿ, ಯಾಕೆ, ಎಷ್ಟು ನಂಬಿಕೆ ಇದೆ ಅಂತ ಬರೆಯಿರಿ. ಆಮೇಲೆ ಹೋಲಿಸಿ. ಗೆದ್ದಿದ್ದರೂ ನೀವು ಬರೆದ ಕಾರಣಕ್ಕೆ ಗೆಲ್ಲದೇ ಇದ್ದರೆ, ಅದನ್ನು ಅದೃಷ್ಟದ ಖಾತೆಗೆ ಹಾಕಿ.

ಎಲ್ಲದಕ್ಕೂ ಇಷ್ಟು ಲೆಕ್ಕ ಹಾಕ್ತಾ ಕೂತ್ರೆ ಬದುಕೋದು ಯಾವಾಗ?

ಎಲ್ಲದಕ್ಕೂ ಯಾರು ಹಾಕಿ ಅಂದರು? ವಾಪಸ್ ಬರಲು ಆಗುವಂಥದ್ದಕ್ಕೆಲ್ಲ ಮೀನಮೇಷ ಎಣಿಸಬೇಡಿ. ಹೊಸ ತರಗತಿ ಸೇರುವುದು, ಬರೆದದ್ದನ್ನು ಇನ್ನೊಬ್ಬರಿಗೆ ತೋರಿಸುವುದು, ಸಂಬಳ ಜಾಸ್ತಿ ಕೇಳುವುದು, ವರ್ಷಗಟ್ಟಲೆ ಮಾತು ಬಿಟ್ಟವರಿಗೆ ಮೆಸೇಜ್ ಕಳಿಸುವುದು. ಇವಕ್ಕೆಲ್ಲ ಹಾಳೆಯೂ ಬೇಡ, ನಾಣ್ಯವೂ ಬೇಡ. ಇವತ್ತು ಸಂಜೆಯೇ ಮಾಡಿ.

ಕೂತು ಲೆಕ್ಕ ಹಾಕಬೇಕಾದದ್ದು ಬೆರಳೆಣಿಕೆಯಷ್ಟು. ದೊಡ್ಡ ಸಾಲ, ಜಾಮೀನು, ಮದುವೆ, ದೇಹಕ್ಕೆ ಅಪಾಯ ಇರುವಂಥದ್ದು, ಮನೆ ಮಾರುವುದು, ಇನ್ನೊಬ್ಬರ ಜೀವನ ನಿಮ್ಮ ನಿರ್ಧಾರದ ಮೇಲೆ ನಿಂತಿರುವಂಥದ್ದು. ಇವುಗಳಿಗೆ ಒಂದು ವಾರವಾದರೂ ತಗೊಳ್ಳಿ. ಇಂಥದ್ದರಲ್ಲಿ ಯಾರಾದರೂ "ಇವತ್ತೇ ಹೇಳಬೇಕು, ನಾಳೆ ಈ ಅವಕಾಶ ಇರಲ್ಲ" ಅಂದರೆ, ಮುಂದೆ ಕೇಳುವ ಅಗತ್ಯವೇ ಇಲ್ಲ, ಬೇಡ ಅನ್ನಿ.